ಸರ್ವರ್ ಬಿಸಿ ಐತಿ

ಹಬ್ಬಕ್ಕೆ ನಮ್ಮೂರು ನ್ಯಾಮತಿಗೆ ಹೋಗಿದ್ದಾಗ ಒಂದು ಕೌಂಟರಿನ ಮುಂದೆ ನಿಂತಿದ್ದೆ. ಒಳಗಿದ್ದ ಹುಡುಗ ತಲೆ ಎತ್ತದೆ, ‘ಸರ್ವರ್ ಬಿಸಿ ಐತಿ ಯಜಮಾನ್ರೆ’ ಅಂದ. ನನ್ನ ಮುಂದಿದ್ದ ಹಿರಿಯರು ಹೆಗಲ ಮೇಲಿನ ಟವಲ್ ತೆಗೆದು ಕಟ್ಟೆ ಒರೆಸಿಕೊಂಡು ಕೂತರು. ‘ಆರ್ಲಿ ಬಿಡಪ್ಪ, ನನಗೇನ್ ಅವಸರ ಇಲ್ಲ’ ಅಂದರು.

ನಕ್ಕೆ. ಆದರೆ ಅವರ ಮಾತು ಪೂರ್ತಿ ತಪ್ಪಲ್ಲ. ಪ್ರೊಸೆಸರ್ ಬಿಡುವಿಲ್ಲದೆ ದುಡಿದರೆ ಕಾಯುತ್ತದೆ. ಅದರ ನೆತ್ತಿಯ ಮೇಲೆ ಫ್ಯಾನು ಇಟ್ಟಿರುವುದೇ ಅದಕ್ಕೆ. ನನ್ನ ಹೊಟ್ಟೆಪಾಡೂ ಅಲ್ಲಿಯೇ ಇದೆ. ಸರ್ವರಿನೊಳಗೆ ಏಕಕಾಲಕ್ಕೆ ಓಡುವ ನೂರಾರು ಕೆಲಸಗಳಲ್ಲಿ ಯಾವುದು ಎಷ್ಟು ತಿನ್ನುತ್ತಿದೆ ಅಂತ ಹುಡುಕುವುದು ನನ್ನ ಇಪ್ಪತ್ತು ವರ್ಷದ ಕಸುಬು. ಈ ಲೆಕ್ಕಕ್ಕೆ ಅರವತ್ತು ವರ್ಷ ದಾಟಿದ ಚರಿತ್ರೆ ಇದೆ. ಬಿಲ್ಲು ಬರೆಯುವವರ ಮೇಜಿನ ಮೇಲೆ ಹುಟ್ಟಿದ್ದು ಅದು.

ನಾನು ಚಿಕ್ಕವನಿದ್ದಾಗ ಹಿಟ್ಟಿನ ಗಿರಣಿಯಲ್ಲಿ ಒಂದೇ ಕಲ್ಲು, ಸಾಲಿನಲ್ಲಿ ಇಪ್ಪತ್ತು ಡಬ್ಬಿ. ಡಬ್ಬಿ ಇಟ್ಟು ಆಟಕ್ಕೆ ಓಡುತ್ತಿದ್ದೆವು. ಯಾರಾದರೂ ಮದುವೆ ಮನೆಯವರು ಎರಡು ಚೀಲ ಗೋಧಿ ತಂದಿಟ್ಟರೆ ಮುಗಿಯಿತು, ಎರಡು ಸೇರು ಜೋಳದವರೂ ಸಂಜೆ ತನಕ ಕಾಯಬೇಕು. ಇನ್ನು ಖಾರದಪುಡಿ ಬೀಸಿದ ಮೇಲೆ ರಾಗಿ ಹಾಕಬೇಕಾದರೆ ಒಂದು ಹಿಡಿ ಕಾಳು ಬಿಟ್ಟು ಕಲ್ಲು ಚೊಕ್ಕ ಮಾಡಬೇಕು. ಆ ಹಿಡಿ ಕಾಳು ಯಾರ ಲೆಕ್ಕ ಅನ್ನುವುದಕ್ಕೆ ಜಗಳ ಬೇರೆ.

ಮೊದಲ ಕಂಪ್ಯೂಟರುಗಳೂ ಹಾಗೇ ನಡೆಯುತ್ತಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಐಬಿಎಂ 360/44 ಯಂತ್ರದ ಕಾಲದಲ್ಲಿ ತೂತು ಹೊಡೆದ ಕಾರ್ಡುಗಳ ಕಟ್ಟು ಕೊಟ್ಟು ಸರದಿಗೆ ಕಾಯಬೇಕಿತ್ತು. ಸರದಿ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯನ್ನೇ ನೋಡಿ. ಶುರುವಿನಲ್ಲಿ 177 ತಾಲ್ಲೂಕು, ಸುಮಾರು 67 ಲಕ್ಷ ರೈತರು, 2 ಕೋಟಿ ಪಹಣಿ, ಪ್ರತಿಗೆ 15 ರೂಪಾಯಿ. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕು, ಮಧ್ಯೆ ಯಾರನ್ನೂ ತೂರಿಸುವ ಹಾಗಿಲ್ಲ ಎಂಬ ನಿಯಮವನ್ನು ಭೂಮಿಯ ತಂತ್ರಾಂಶದೊಳಗೇ ಕಟ್ಟಿಹಾಕಿದ್ದರು. ಜಮೀನಿನ ವಿಷಯದಲ್ಲಿ ಅದೇ ನ್ಯಾಯ. ಪ್ರೊಸೆಸರಿಗೆ ಅದೇ ನಿಯಮ ಹಾಕಿದರೆ ಮದುವೆ ಮನೆಯ ಗೋಧಿಯ ಹಿಂದೆ ಊರೆಲ್ಲ ನಿಲ್ಲುತ್ತದೆ.

1961ರ ನವೆಂಬರಿನಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತವರ ಜೊತೆಯವರು ಈ ಗಂಟು ಬಿಚ್ಚಿ ತೋರಿಸಿದರು. ಎಲ್ಲರ ಕೆಲಸವನ್ನೂ ಚೂರು ಚೂರು ಮಾಡಿ, ಒಬ್ಬರಾದ ಮೇಲೊಬ್ಬರಿಗೆ ಕ್ಷಣದ ಪಾಲು ಕೊಡುವ ವ್ಯವಸ್ಥೆ, ಹೆಸರು ಸಿಟಿಎಸ್‌ಎಸ್. ಯಂತ್ರ ತನ್ನೊಬ್ಬನದೇ ಅಂತ ಪ್ರತಿಯೊಬ್ಬನಿಗೂ ಅನ್ನಿಸಬೇಕು. ಪಾಲು ಮಾಡಿದ ಮೇಲೆ ಲೆಕ್ಕ ಬೇಕೇ ಬೇಕು. ಯಂತ್ರದ ಕಾಲ ಚಿನ್ನದ ಬೆಲೆಯದು, ಒಬ್ಬೊಬ್ಬರಿಗೂ ಇಷ್ಟೇ ಅಂತ ಪಡಿ ಗೊತ್ತುಮಾಡಿದರು. ಅಲನ್ ಶೆರ್ ಎಂಬ ಸಂಶೋಧಕನಿಗೆ ಸಿಕ್ಕ ಪಡಿ ವಾರಕ್ಕೆ 4 ಗಂಟೆ. ಸಾಲದಾಯಿತು. 1962ರಲ್ಲಿ ಅವನು ಎಲ್ಲರ ಪಾಸ್‌ವರ್ಡ್ ಇದ್ದ ಕಡತವನ್ನೇ ಮುದ್ರಿಸಿಕೊಂಡು ಬೇರೆಯವರ ಪಡಿ ಉಂಡ. ಎಷ್ಟೋ ವರ್ಷಗಳ ಮೇಲೆ ತಾನೇ ಬಾಯಿಬಿಟ್ಟ. ಕಂಪ್ಯೂಟರ್ ಲೋಕದ ಮೊದಮೊದಲ ಪಾಸ್‌ವರ್ಡ್ ಕಳ್ಳತನ ಪ್ರೊಸೆಸರಿನ ಕೆಲವು ಗಂಟೆಗಳಿಗಾಗಿ ನಡೆಯಿತು ಅನ್ನುವುದು ನನಗೆ ಬಹಳ ಇಷ್ಟದ ಸಂಗತಿ.

ಕಾಲದ ಲೆಕ್ಕ ಬರೆಯುವ ಆ ಪದ್ಧತಿ ಮುಂದೆ ಯುನಿಕ್ಸ್ ಎಂಬ ಕಾರ್ಯಾಚರಣೆ ವ್ಯವಸ್ಥೆಗೂ ಬಂತು. 1979ರ ಏಳನೇ ಆವೃತ್ತಿಯಲ್ಲಿ ‘ಆಕ್ಟ್’ ಎಂಬ ಸೌಲಭ್ಯ ಇತ್ತು. ಒಂದು ಪ್ರೊಸೆಸ್, ಅಂದರೆ ಓಡುತ್ತಿರುವ ಒಂದು ಕೆಲಸ, ಮುಗಿದ ತಕ್ಷಣ ಅದರ ಹೆಸರು, ಯಾರದ್ದು, ಪ್ರೊಸೆಸರಿನ ಎಷ್ಟು ಕಾಲ ಉಂಡಿತು ಎಂಬುದನ್ನು ಒಂದು ಕಡತಕ್ಕೆ ಬರೆದಿಡುತ್ತದೆ. ಸತ್ತವರ ರಿಜಿಸ್ಟರು ಅನ್ನಿ. ಬದುಕಿರುವವರನ್ನು ನೋಡಲು ‘ಪಿಎಸ್’ ಇತ್ತು. 1984ರಲ್ಲಿ ವಿಲಿಯಂ ಲೆಫೆವ್ರ್ ಎಂಬುವನು ಡೆಕ್ ಕಂಪನಿಯ ವಿಎಂಎಸ್‌ನಲ್ಲಿ ಕಂಡಿದ್ದ ಒಂದು ಪರದೆಯನ್ನು ನೆನಪಿಟ್ಟುಕೊಂಡು ‘ಟಾಪ್’ ಬರೆದ. ಹೆಚ್ಚು ತಿನ್ನುವವನು ಮೇಲೆ, ಕಡಿಮೆಯವನು ಕೆಳಗೆ, ಯುನಿಕ್ಸ್ ಮಾದರಿಯ ಲಿನಕ್ಸಿನಲ್ಲಿ ಮೂರು ಸೆಕೆಂಡಿಗೊಮ್ಮೆ ಪಟ್ಟಿ ಹೊಸದು. ನಮ್ಮ ಕಸುಬಿನವರು ಬೆಳಗಾದರೆ ಪಂಚಾಂಗಕ್ಕಿಂತ ಮೊದಲು ನೋಡುವುದು ಅದನ್ನೇ.

ಈ ಅಂಕಿಗಳು ಬಹಳ ಕಾಲ ಅಂದಾಜಿನವು. ಯಂತ್ರದೊಳಗಿನ ಗಡಿಯಾರ ಸೆಕೆಂಡಿಗೆ ನೂರು ಸಲವೋ ಏನೋ ಟಿಕ್ ಅನ್ನುತ್ತದೆ. ಆ ಕ್ಷಣಕ್ಕೆ ಕಲ್ಲಿನ ಮೇಲೆ ಯಾರ ಕಾಳು ಇದೆಯೋ ಅವರ ಹೆಸರಿಗೆ ಇಡೀ ಟಿಕ್ ಬೀಳುತ್ತದೆ. ಟಿಕ್ಕಿಗೆ ಕೂದಲೆಳೆ ಮೊದಲು ಡಬ್ಬಿ ಎತ್ತಿಕೊಂಡವನಿಗೆ ಬಿಲ್ಲೇ ಇಲ್ಲ. 2007ರಲ್ಲಿ ಡ್ಯಾನ್ ತ್ಸಫ್ರಿರ್, ಯೋವ್ ಎತ್ಸಿಯೋನ್, ಡ್ರೋರ್ ಫೈಟೆಲ್ಸನ್ ಎಂಬ ಮೂವರು ಇದನ್ನು ಮಾಡಿಯೇ ತೋರಿಸಿದರು: ಸಾಮಾನ್ಯ ಬಳಕೆದಾರನ ಒಂದು ಪ್ರೋಗ್ರಾಂ ಪ್ರೊಸೆಸರನ್ನು ದಂಡಿಯಾಗಿ ನುಂಗುತ್ತಿತ್ತು, ಪಟ್ಟಿಯಲ್ಲಿ ಮಾತ್ರ ಉಪವಾಸ ಇತ್ತು. ಅದೇ ವರ್ಷ ಇಂಗೋ ಮೋಲ್ನಾರ್ ಬರೆದ, ಪ್ರೊಸೆಸರಿನ ಕಾಲ ಪಾಲು ಮಾಡುವ ಹೊಸ ಹಂಚಿಕೆದಾರ ಲಿನಕ್ಸ್ 2.6.23ರಲ್ಲಿ ಬಂತು. ಅದು ಪಾಲು ಅಳೆಯುವುದು ನ್ಯಾನೋ ಸೆಕೆಂಡಿನಲ್ಲಿ.

ಅಳತೆ ಅಷ್ಟು ಸಣ್ಣದಾದರೂ ನಾನು ಮೋಸ ಹೋದೆ. ಹೆಸರು ಬೇಡ, ಒಂದು ಸಂಸ್ಥೆ. ಮಾರ್ಚ್ ತಿಂಗಳ ಕೊನೆ, ಲೆಕ್ಕ ಮುಗಿಸುವ ಗಡಿಬಿಡಿ, ಸರ್ವರ್ ತೆವಳುತ್ತಿದೆ. ಪಿಎಸ್ ಹಾಕಿದೆ, ರಸೀದಿ ಮುದ್ರಿಸುವ ಪ್ರೋಗ್ರಾಂ ಎದುರಿಗೆ ಶೇ 38 ಅಂತ ಬಂತು. ಸಿಕ್ಕಿಬಿದ್ದ ಅಂದುಕೊಂಡು ಕೊಂದುಬಿಟ್ಟೆ. ಐದೇ ನಿಮಿಷಕ್ಕೆ ಫೋನು ಹೊಡೆದುಕೊಳ್ಳತೊಡಗಿತು. ರಸೀದಿ ನಿಂತಿದೆ, ಸರ್ವರ್ ಮಾತ್ರ ಇನ್ನೂ ತೆವಳುತ್ತಲೇ ಇದೆ.

ಪಿಎಸ್ ಹೇಳುವುದು ಹುಟ್ಟಿದಾಗಿನಿಂದ ಇವತ್ತಿನವರೆಗಿನ ಸರಾಸರಿ. ಆ ಪ್ರೋಗ್ರಾಂ ಎರಡು ದಿನದ ಹಿಂದೆ ಬೆವರು ಸುರಿಸಿತ್ತು, ಆ ಹೊತ್ತಿಗೆ ಸುಮ್ಮನೆ ಕೂತಿತ್ತು. ಇದು ನನಗೆ ಗೊತ್ತಿಲ್ಲದ್ದೇನಲ್ಲ, ಗಡಿಬಿಡಿಯಲ್ಲಿ ಮರೆತಿದ್ದೆ. ಟಾಪ್ ನೋಡಿದರೆ ಇನ್ನೊಂದು ಒಗಟು: ಪ್ರೊಸೆಸರ್ ಒಟ್ಟು ಶೇ 97 ದುಡಿಯುತ್ತಿದೆ, ಪಟ್ಟಿಯಲ್ಲಿದ್ದವರನ್ನೆಲ್ಲ ಕೂಡಿದರೆ 15 ದಾಟುವುದಿಲ್ಲ. ಒಲೆ ಧಗಧಗ ಉರಿಯುತ್ತಿದೆ, ಮೇಲೆ ಪಾತ್ರೆಯೇ ಇಲ್ಲ.

ರಾತ್ರಿ ಹನ್ನೊಂದರ ಹೊತ್ತಿಗೆ ಸತ್ತವರ ರಿಜಿಸ್ಟರು ತೆರೆಯಲು ಹೊಳೆಯಿತು. ಅದನ್ನು ಚಾಲೂ ಮಾಡಿ ಹತ್ತು ನಿಮಿಷ ಬಿಟ್ಟು ಓದಿದೆ. ಒಂದೇ ಹೆಸರು ಸಾವಿರಗಟ್ಟಲೆ ಸಾಲು. ಕಡತಗಳನ್ನು ಒಂದೊಂದಾಗಿ ತಡವುವ ಸಣ್ಣ ಸ್ಕ್ರಿಪ್ಟೊಂದು ಪ್ರತಿ ಕಡತಕ್ಕೂ ಹೊಸ ಪ್ರೊಸೆಸ್ ಹೆರುತ್ತಿತ್ತು. ಅವು ಹುಟ್ಟಿ ಕಣ್ಣು ಬಿಡುವಷ್ಟರಲ್ಲಿ ಸಾಯುತ್ತಿದ್ದವು. ಟಾಪ್ ಮೂರು ಸೆಕೆಂಡಿಗೊಮ್ಮೆ ಇಣುಕುತ್ತದೆ. ಅದರ ನಡುವೆ ಬಂದು ಹೋದವು ಅದರ ಪಾಲಿಗೆ ಹುಟ್ಟಿಯೇ ಇಲ್ಲ. ಆ ಸ್ಕ್ರಿಪ್ಟ್ ಬರೆದವನು ನಾನೇ, ಎರಡು ತಿಂಗಳ ಹಿಂದೆ.

ಆ ಹಳೇ ಲೆಕ್ಕದ ಪುಸ್ತಕ ಲಿನಕ್ಸಿನಲ್ಲಿ ಇವತ್ತಿಗೂ ಉಳಿದಿದೆ, ಆದರೆ ಹೆಚ್ಚಿನ ಕಡೆ ತಾನಾಗಿ ಬರೆದುಕೊಳ್ಳುವುದಿಲ್ಲ. ‘ಆಕ್ಟ್‌ಆನ್’ ಎಂಬ ಒಂದು ಆಜ್ಞೆ ಕೊಟ್ಟು ಶುರುಮಾಡಬೇಕು. ನಿಮ್ಮ ಸುಪರ್ದಿಯಲ್ಲಿ ಒಂದು ಸರ್ವರ್ ಇದ್ದರೆ, ಕಟ್ಟೆ ಮೇಲೆ ಅದು ಆರಲಿ ಅಂತ ಯಾರೋ ಕಾಯುತ್ತಾ ಕೂತಿರುತ್ತಾರೆ; ಇವತ್ತೇ ಆ ಲೆಕ್ಕದ ಪುಸ್ತಕ ಶುರುಮಾಡಿ.