ಅಕ್ಷರ ಮುಂದೆ, ಪಾಠ ಹಿಂದೆ: ಗಡಿನಾಡಿನ ಕನ್ನಡ ತರಗತಿಯ ಕಂಪ್ಯೂಟರ್ ಚರಿತ್ರೆ



ಹೊಸ ತಂತ್ರಾಂಶವೊಂದರ ತರಬೇತಿಗೆ ಹೋದಾಗಲೆಲ್ಲ ಕನ್ನಡ ಮಾಧ್ಯಮದ ನಾವು ಕೇಳುವ ಮೊದಲ ಪ್ರಶ್ನೆ ಒಂದೇ: "ಇದರಲ್ಲಿ ಕನ್ನಡ ಬರುತ್ತದಾ?" ಈ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ. ಆ ಚರಿತ್ರೆಯನ್ನು ಬಿಡಿಸಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕಂಪ್ಯೂಟರಿಗೆ ಕನ್ನಡ ಅಕ್ಷರ ಬಂದದ್ದು ತಡವಾಗಿ ಅಲ್ಲ. ಕೆಲವು ಸಲ ಮಲಯಾಳಕ್ಕಿಂತ ಮೊದಲೇ ಬಂದಿದೆ. ಆದರೂ ಕಾಸರಗೋಡಿನ ಕನ್ನಡ ತರಗತಿ ಹಿಂದೆ ಉಳಿಯಿತು. ಯಾಕೆ ಎಂಬುದೇ ಈ ಬರಹದ ವಿಷಯ.

ಸಂದರ್ಭ ಎಲ್ಲರಿಗೂ ಗೊತ್ತಿರುವುದೇ. ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. 1984ರ ಮೇ 24ರಂದು ಪ್ರತ್ಯೇಕ ಜಿಲ್ಲೆಯಾಯಿತು. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಮಾಡಿಕೊಡಬೇಕೆನ್ನುತ್ತದೆ. ಹೀಗೆ ನಮ್ಮ ಮಕ್ಕಳ ಪಠ್ಯಕ್ರಮ ಕೇರಳದ್ದು, ಓದುವ ಭಾಷೆ ಕನ್ನಡ. ಮುಂದೆ ಹೇಳುವ ತೊಡಕುಗಳೆಲ್ಲ ಹುಟ್ಟಿದ್ದು ಈ ಎರಡರ ನಡುವೆ.

ಸ್ಟೆನ್ಸಿಲ್ ಕಾಲ

ಕಂಪ್ಯೂಟರಿಗೆ ಮೊದಲು ಶಾಲೆಯ ಯಂತ್ರವೆಂದರೆ ಸೈಕ್ಲೋಸ್ಟೈಲ್. ಇಂಗ್ಲಿಷ್ ಪ್ರಶ್ನೆಪತ್ರಿಕೆಯಾದರೆ ಟೈಪ್‌ರೈಟರಿನಲ್ಲಿ ಮೇಣದ ಸ್ಟೆನ್ಸಿಲ್ ಕಾಗದ ಹಾಕಿ ಕುಟ್ಟಬಹುದಿತ್ತು. ಕನ್ನಡ ಟೈಪ್‌ರೈಟರ್ ಇದ್ದ ಶಾಲೆಗಳು ಅಪರೂಪ. ಆದ್ದರಿಂದ ಅಕ್ಷರ ದುಂಡಗಿರುವ ಮಾಷ್ಟ್ರೊಬ್ಬರು ಕಬ್ಬಿಣದ ಮೊನೆಯ ಲೇಖನಿ ಹಿಡಿದು ಸ್ಟೆನ್ಸಿಲ್ ಮೇಲೆ ಗೀರಬೇಕು. ಒತ್ತು ಜಾಸ್ತಿಯಾದರೆ ಕಾಗದ ಹರಿಯುತ್ತದೆ, ಕಡಿಮೆಯಾದರೆ ಶಾಯಿ ಇಳಿಯುವುದಿಲ್ಲ. ಕನ್ನಡದ ಒತ್ತಕ್ಷರಗಳಂತೂ ಸ್ಟೆನ್ಸಿಲಿನ ಶತ್ರುಗಳು!

ಕಿನ್ನಿಕಂಬಳದಿಂದ ಬಂದ ಕೀಲಿಮಣೆ

ಈ ಕಷ್ಟಕ್ಕೆ ಪರಿಹಾರ ಬಂದದ್ದು ನಮ್ಮ ನೆರೆಯಿಂದಲೇ. ಮಂಗಳೂರು ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಅಚ್ಚಿನ ಅಕ್ಷರ ಜೋಡಣೆಯ ಕ್ಷೇತ್ರದಲ್ಲಿ ದುಡಿದವರು. ಕನ್ನಡಕ್ಕೆ ಅವರು ರೂಪಿಸಿದ ಕೀಲಿಮಣೆಯ ತತ್ವ ಬಹಳ ಸರಳ. ಕನ್ನಡದ ಎಲ್ಲ ಒತ್ತಕ್ಷರಗಳಿಗೂ ಬೇರೆ ಬೇರೆ ಕೀಲಿ ಬೇಕಾಗಿಲ್ಲ. ಮೂಲಾಕ್ಷರ, ಸ್ವರ ಮತ್ತು ಅಕ್ಷರಗಳನ್ನು ಬೆಸೆಯುವ ಒಂದು ಕೀಲಿ ಇದ್ದರೆ ಸಾಕು. ಕ, ಆಮೇಲೆ ಎಫ್ ಕೀಲಿ, ಮತ್ತೆ ಕ ಒತ್ತಿದರೆ ಕ್ಕ ಸಿದ್ಧ. ಮಗ್ಗಿ ಕಲಿತ ಮಗುವಿಗೂ ಅರ್ಥವಾಗುವ ಲೆಕ್ಕ ಇದು. ತಮ್ಮ ತಂತ್ರಾಂಶಕ್ಕೆ ಅವರು ಕನ್ನಡದ ಛಂದಸ್ಸು, ವ್ಯಾಕರಣಗಳ ದೊಡ್ಡ ವಿದ್ವಾಂಸರಾದ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟರು, ಅದನ್ನು ಉಚಿತವಾಗಿಯೇ ಹಂಚಿದರು. ಸಣ್ಣ ಬದಲಾವಣೆಗಳೊಂದಿಗೆ ಕರ್ನಾಟಕ ಸರಕಾರ ಇದೇ ವಿನ್ಯಾಸವನ್ನು ಅಧಿಕೃತವೆಂದು ಒಪ್ಪಿತು. 'ಕಗಪ' ಎಂದು ನಾವು ಈಗ ಕರೆಯುವುದು ಅದನ್ನೇ.

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಉಚಿತವಾಗಿ ದೊರೆಯಿತು. ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಗಡಿಯಾಚೆ ಹುಟ್ಟಿದ ಈ ತಂತ್ರಾಂಶಗಳು ಸಿ.ಡಿ.ಗಳಲ್ಲಿ ಕೈಯಿಂದ ಕೈಗೆ ದಾಟಿ ನಮ್ಮಲ್ಲಿಗೆ ಬಂದವು. ಸ್ಟೆನ್ಸಿಲ್ ಗೀರುವ ಕೆಲಸ ತಪ್ಪಿತು.

ಆದರೆ ಹೊಸ ತಲೆನೋವು ಶುರುವಾಯಿತು. ಆ ಕಾಲದ ಫಾಂಟುಗಳಲ್ಲಿ ಕಂಪ್ಯೂಟರಿಗೆ ಕನ್ನಡ ತಿಳಿಯುತ್ತಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದರು, ಅಷ್ಟೇ. ಮನೆಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆಯನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಂತೆ ಕಾಣುತ್ತಿತ್ತು.

128ರ ಅಂತರ

ಇದಕ್ಕೆ ಶಾಶ್ವತ ಮದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಮನೆಗಳ ಜಾಗ ಸಿಕ್ಕಿತ್ತು. ಭಾರತದ 'ಇಸ್ಕಿ' ಸಂಕೇತ ವ್ಯವಸ್ಥೆಯನ್ನು ಆಧರಿಸಿದ್ದರಿಂದ ನಮ್ಮ ಲಿಪಿಗಳನ್ನು ಅಲ್ಲಿ ಒಂದೇ ಕ್ರಮದಲ್ಲಿ ಜೋಡಿಸಿದ್ದಾರೆ. ಕನ್ನಡದ ಕ ಅಕ್ಷರದ ಸಂಖ್ಯೆ 3221, ಮಲಯಾಳದ ಕ ಅಕ್ಷರದ್ದು 3349. ವ್ಯತ್ಯಾಸ ಸರಿಯಾಗಿ 128. ಗ, ತ, ಮ ಯಾವುದನ್ನು ನೋಡಿದರೂ ಅದೇ 128. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇದಕ್ಕಿಂತ ಚಂದದ ಲೆಕ್ಕ ಬೇರೆ ಇಲ್ಲ.

ಇನ್ನೊಂದು ಸಂಗತಿ ಗಮನಿಸಿ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಇತ್ತು, 'ತುಂಗಾ' ಎಂಬ ಫಾಂಟಿನ ಸಮೇತ. ಮಲಯಾಳ ಸೇರಿದ್ದು 2004ರ ಎರಡನೇ ಸರ್ವಿಸ್ ಪ್ಯಾಕಿನಲ್ಲಿ. ಗೂಗಲ್ ಅನುವಾದಕ್ಕೆ ಕನ್ನಡ 2011ರ ಜೂನ್‌ನಲ್ಲಿ ಸೇರಿತು, ಮಲಯಾಳ 2014ರ ಡಿಸೆಂಬರಿನಲ್ಲಿ. ಅಕ್ಷರದ ಓಟದಲ್ಲಿ ಕನ್ನಡ ಹಿಂದೆ ಬಿದ್ದಿರಲಿಲ್ಲ ಎಂದು ನಾನು ಹೇಳಿದ್ದು ಇದನ್ನೇ.

ಶಾಲೆಗೆ ಬಂದ ಲಿನಕ್ಸ್

ಕೇರಳದಲ್ಲಿ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆ ಆರಂಭವಾಯಿತು. ಆ ದಶಕದ ಮಧ್ಯಭಾಗದಿಂದ ಶಾಲೆಗಳು ವಿಂಡೋಸ್ ಬಿಟ್ಟು ಸ್ವತಂತ್ರ ತಂತ್ರಾಂಶವಾದ ಗ್ನೂ ಲಿನಕ್ಸಿಗೆ ಹೊರಳಿದವು. ದೇಶದಲ್ಲೇ ದೊಡ್ಡ ಹೆಜ್ಜೆ ಅದು. ಖರ್ಚು ಉಳಿಯಿತು ಎಂದು ಎಲ್ಲರೂ ಹೇಳುತ್ತಾರೆ. ಅಲ್ಪಸಂಖ್ಯಾತ ಭಾಷೆಯವರಿಗೆ ಅದಕ್ಕಿಂತ ದೊಡ್ಡ ಲಾಭ ಬೇರೆ ಇದೆ. ಸ್ವತಂತ್ರ ತಂತ್ರಾಂಶವನ್ನು ನಮ್ಮ ಭಾಷೆಗೆ ತರಲು ಯಾವ ಕಂಪೆನಿಯ ಅಪ್ಪಣೆಯೂ ಬೇಡ. ಮಕ್ಕಳು ಚಿತ್ರ ಬಿಡಿಸುವ ಟಕ್ಸ್ ಪೇಂಟ್ ಕನ್ನಡದಲ್ಲಿ ಬಂದದ್ದು, ಲೋಹಿತ್, ಕೇದಗೆ, ಮಲ್ಲಿಗೆ ಮೊದಲಾದ ಮುಕ್ತ ಫಾಂಟುಗಳು ನಮಗೆ ಸಿಕ್ಕಿದ್ದು ಈ ದಾರಿಯಲ್ಲೇ.

ಲಿನಕ್ಸಿನ ಜತೆ 'ಇನ್‌ಸ್ಕ್ರಿಪ್ಟ್' ಕೀಲಿಮಣೆಯೂ ಬಂತು. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ. ಎಲ್ಲ ಭಾರತೀಯ ಭಾಷೆಗಳಿಗೂ ಒಂದೇ ವಿನ್ಯಾಸ. ಕನ್ನಡದಲ್ಲಿ ಕಲಿತ ಹುಡುಗಿ ಭಾಷೆ ಬದಲಿಸಿ ಅದೇ ಬೆರಳುಗಳಿಂದ ಮಲಯಾಳ ಬರೆಯಬಹುದು, ಹಿಂದಿಯನ್ನೂ ಬರೆಯಬಹುದು. ಕಗಪ ಅಭ್ಯಾಸವಾದ ಹಿರಿಯರು ಗಾಬರಿಯಾಗಬೇಕಾಗಿಲ್ಲ. ಲಿನಕ್ಸಿನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕಗಪವೂ ಇದೆ.

ಇಲ್ಲಿಗೆ ಅಕ್ಷರದ ಕಥೆ ಸುಖಾಂತ್ಯ. ಪಾಠದ ಕಥೆ ಬೇರೆ.

ಪಾಠ ಯಾರದ್ದು?

ಅಕ್ಷರ ಬರುವುದು ಭಾಷೆಯ ಗಾತ್ರ ನೋಡಿ. ಕೋಟಿಗಟ್ಟಲೆ ಕನ್ನಡಿಗರು ಕರ್ನಾಟಕದಲ್ಲಿರುವುದರಿಂದ ಫಾಂಟ್ ಬಂತು, ಅನುವಾದ ಬಂತು; 2017ರಲ್ಲಿ ಗೂಗಲಿನ ಧ್ವನಿ ಟೈಪಿಂಗ್ ಕೂಡ ಬಂತು. ಪಾಠ ಬರುವುದು ಪಠ್ಯಕ್ರಮದ ಗಾತ್ರ ನೋಡಿ. ಕೇರಳದ ಪಠ್ಯವನ್ನು ಕನ್ನಡದಲ್ಲಿ ಓದುವವರು ಈ ಒಂದು ಮೂಲೆಯ ಮಕ್ಕಳು ಮಾತ್ರ.

ಆದ್ದರಿಂದ ನಮಗೆ ಎರಡು ಕಡೆಯಿಂದಲೂ ಅರ್ಧ ಅರ್ಧ ಸಿಗುತ್ತದೆ. ಕರ್ನಾಟಕದಲ್ಲಿ 2013ರಲ್ಲಿ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಜಾಲತಾಣ ಬಂತು, 2017ರಲ್ಲಿ ದೇಶಕ್ಕೆಲ್ಲ ದೀಕ್ಷಾ ವೇದಿಕೆ ಬಂತು. ಅಲ್ಲಿ ಒಳ್ಳೆಯ ಕನ್ನಡ ಸಾಮಗ್ರಿ ಇದೆ, ಆದರೆ ಅದು ಕರ್ನಾಟಕದ ಪುಸ್ತಕಕ್ಕೆ ಹೊಂದಿಸಿದ್ದು. ಇತ್ತ ಕೇರಳದಲ್ಲಿ ಐಟಿ ಅಟ್ ಸ್ಕೂಲ್ 2017ರಲ್ಲಿ 'ಕೈಟ್' ಆಯಿತು. 'ಸಮಗ್ರ' ಪೋರ್ಟಲ್ ಬಂತು. 2018ರಲ್ಲಿ ಆರಂಭವಾದ ಹೈಟೆಕ್ ಯೋಜನೆಯಲ್ಲಿ 45,000 ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಬಂದವು. ಪಾಠ ನಮ್ಮದೇ, ಆದರೆ ಸಾಮಗ್ರಿ ಹೆಚ್ಚಿನದು ಮಲಯಾಳದಲ್ಲಿ. ಪ್ರೊಜೆಕ್ಟರ್ ನಮ್ಮ ಗೋಡೆಗೂ ಬೆಳಕು ಬಿಟ್ಟಿತು. ಆ ಬೆಳಕಿನಲ್ಲಿ ಕನ್ನಡ ಕಾಣಿಸುವ ಕೆಲಸ ನಮ್ಮ ಪಾಲಿಗೆ ಉಳಿಯಿತು.

ಆ ಕೆಲಸ ನಮ್ಮಿಂದ ಆಗುತ್ತದೆ ಎಂಬುದಕ್ಕೆ ಕೊರೋನಾ ಕಾಲವೇ ಸಾಕ್ಷಿ. 2020ರ ಜೂನ್ 1ರಂದು 'ಫಸ್ಟ್ ಬೆಲ್' ಪಾಠಗಳು ವಿಕ್ಟರ್ಸ್ ವಾಹಿನಿಯಲ್ಲಿ ಆರಂಭವಾದವು. ಕನ್ನಡ ಮಾಧ್ಯಮದ ಮಕ್ಕಳಿಗೆ ಪ್ರತ್ಯೇಕ ಪಾಠಗಳು ಬೇಕಾದವು. ಅಂದಿನವರೆಗೆ ಕರಿಹಲಗೆ ಬಿಟ್ಟು ಬೇರೆ ಗೊತ್ತಿಲ್ಲದ ನಮ್ಮ ಮಾಷ್ಟ್ರುಗಳು, ಟೀಚರುಗಳು ಕ್ಯಾಮರಾದ ಎದುರು ನಿಂತರು. ಆ ಪಾಠಗಳನ್ನು ಯಾವ ಕಂಪೆನಿಯೂ ಮಾಡಿಕೊಡುತ್ತಿರಲಿಲ್ಲ, ಬೆಂಗಳೂರಿನವರೂ ಮಾಡಿಕೊಡುವಂತಿರಲಿಲ್ಲ.

ಚತುರಂ ಮತ್ತು ಚತುರ

ಈಗ ಕೃತಕ ಬುದ್ಧಿಮತ್ತೆಯ ಸರದಿ. 2024ರಲ್ಲಿ ಕೈಟ್ 80,000 ಅಧ್ಯಾಪಕರಿಗೆ ಇದರ ತರಬೇತಿಯನ್ನು ಆರಂಭಿಸಿತು. ಅದೇ ವರ್ಷ ಏಳನೇ ತರಗತಿಯ ಐಸಿಟಿ ಪುಸ್ತಕದಲ್ಲಿ ಅದು ಪಾಠವೂ ಆಯಿತು. ಮಲಯಾಳದ ಟಿಪ್ಪಣಿಯನ್ನು ಯಂತ್ರಕ್ಕೆ ಕೊಟ್ಟರೆ ಕ್ಷಣದಲ್ಲಿ ಕನ್ನಡ ಸಿಗುತ್ತದೆ, ಇನ್ನು ಚಿಂತೆ ಏಕೆ ಎಂದು ಕೆಲವರು ಕೇಳುತ್ತಾರೆ.

ಒಂದು ಉದಾಹರಣೆ ನೋಡೋಣ. ಮಲಯಾಳದ ಗಣಿತದಲ್ಲಿ 'ಚತುರಂ' ಎಂದರೆ ನಮ್ಮ ಆಯತ, 'ಸಮಚತುರಂ' ಎಂದರೆ ಚೌಕ. 128 ಕಳೆದರೆ ಅಕ್ಷರವೇನೋ ಕನ್ನಡವಾಗುತ್ತದೆ. ಆದರೆ ಕನ್ನಡದ ಮಗುವಿಗೆ ಚತುರ ಎಂದರೆ ಜಾಣ! 'ಭಿನ್ನಸಂಖ್ಯ' ನಮ್ಮಲ್ಲಿ ಭಿನ್ನರಾಶಿ. ಹತ್ತಿರದ ಭಾಷೆಗಳಾದ್ದರಿಂದಲೇ ಇಂಥ ತಪ್ಪು ಕಣ್ಣಿಗೆ ಬೀಳದೆ ನುಸುಳುತ್ತದೆ. ಅನುವಾದ ಯಂತ್ರ ಇದನ್ನು ಸರಿಯಾಗಿ ಬರೆದರೂ ಬರೆಯಬಹುದು. ಸರಿಯೇ ತಪ್ಪೇ ಎಂದು ಹೇಳಬಲ್ಲವರು ಮಾತ್ರ ಎರಡೂ ಪುಸ್ತಕಗಳನ್ನು ಬಲ್ಲ ಅಧ್ಯಾಪಕರೇ. ಮನೆಯಲ್ಲಿ ತುಳು, ಬೀದಿಯಲ್ಲಿ ಮಲಯಾಳ, ತರಗತಿಯಲ್ಲಿ ಕನ್ನಡ ಎಂದು ಬೆಳೆಯುವ ಮಗುವಿಗೆ ಯಾವ ಶಬ್ದ ಎಲ್ಲಿ ಎಡವಿಸುತ್ತದೆ ಎಂಬುದೂ ಅವರಿಗೇ ಗೊತ್ತು. ಅಂದ ಹಾಗೆ 2024ರಲ್ಲಿ ತುಳು ಭಾಷೆ ಗೂಗಲ್ ಅನುವಾದಕ್ಕೆ, ತುಳು ಲಿಪಿ ಯೂನಿಕೋಡಿಗೆ ಸೇರಿದವು. ಅಲ್ಲಿಯೂ ಅಕ್ಷರವೇ ಮೊದಲು ಬಂದಿದೆ!

ಆದ್ದರಿಂದ "ಇದರಲ್ಲಿ ಕನ್ನಡ ಬರುತ್ತದಾ?" ಎಂಬ ಪ್ರಶ್ನೆಯ ಕಾಲ ಮುಗಿಯಿತು. "ಇದರಲ್ಲಿ ನಮ್ಮ ಪಾಠ ಇದೆಯಾ? ಇಲ್ಲದಿದ್ದರೆ ಯಾರು ಹಾಕುವುದು?" ಎಂದು ಕೇಳಬೇಕು.

ನನ್ನ ಸಲಹೆ ಮೂರು. ಒಂದು, ಹಳೆಯ ಫಾಂಟಿನಲ್ಲಿರುವ ಪ್ರಶ್ನೆಪತ್ರಿಕೆ, ಟಿಪ್ಪಣಿಗಳನ್ನು ಯೂನಿಕೋಡಿಗೆ ಬದಲಿಸಿಡಿ. ಬದಲಿಸುವ ಉಚಿತ ಸಾಧನಗಳಿವೆ. ಅರ್ಕಾವತ್ತು ಇರುವ ಕಡೆ ಮಾತ್ರ ಕಣ್ಣಿಟ್ಟು ತಿದ್ದಬೇಕು. ನಿವೃತ್ತರಾಗುವ ಹಿರಿಯರ ಕಂಪ್ಯೂಟರಿನಲ್ಲಿ ಮೂವತ್ತು ವರ್ಷದ ದುಡಿಮೆ ಇರುತ್ತದೆ, ಅದು ಓದಲಾಗದ ಸಂತೆಯಾಗಿ ಹಾಳಾಗಬಾರದು. ಎರಡು, ಮಲಯಾಳ ಮತ್ತು ಕನ್ನಡ ಪಾರಿಭಾಷಿಕ ಪದಗಳ ಪಟ್ಟಿಯೊಂದನ್ನು ವಿಷಯವಾರು ಮಾಡೋಣ. ಯಂತ್ರದ ಅನುವಾದವನ್ನು ತಿದ್ದಲು ಅದೇ ಅಳತೆಗೋಲು. ಮೂರು, ಮಾಡಿದ್ದನ್ನು ಸೇಡಿಯಾಪು ತಂತ್ರಾಂಶ ಹಂಚಿದ ಹಾಗೆ ಹಂಚೋಣ.

ಒಬ್ಬೊಬ್ಬರು ವರ್ಷಕ್ಕೆ ಒಂದೇ ಪಾಠ ಸಿದ್ಧಪಡಿಸಿದರೂ ಸಾಕು. ಈ ಸಾಲಿನಲ್ಲಿ ನೀವು ಯಾವ ತರಗತಿಯ ಯಾವ ಪಾಠವನ್ನು ವಹಿಸಿಕೊಳ್ಳುತ್ತೀರಿ ಎಂದು ಬರೆದು ತಿಳಿಸಿ. ಏಳನೇ ತರಗತಿ ಗಣಿತದ ಭಿನ್ನರಾಶಿ ನನ್ನ ಪಾಲಿಗಿರಲಿ.