ಅಂತರರಾಷ್ಟ್ರೀಯ ಸಂಜ್ಞೆಯ ಹುಟ್ಟು: ಕಿವುಡ ಯುವಜನರ ಭೇಟಿಗಳ ಹಿನ್ನೆಲೆಯಲ್ಲಿ

ಬೇರೆ ಬೇರೆ ದೇಶಗಳ ಕಿವುಡ ತರುಣರು ಮೊದಲ ಸಲ ಎದುರಾದಾಗ ಅವರ ನಡುವೆ ನಡೆಯುವುದು ಭಾಷೆಯೋ, ಬರಿಯ ಅಭಿನಯವೋ? ಭಾಷಾವಿಜ್ಞಾನವು ಈ ಪ್ರಶ್ನೆಯನ್ನು ಎತ್ತಿಕೊಂಡದ್ದು ಈಚೆಗೆ. ಇಂಥ ಭೇಟಿಗಳ ಇತಿಹಾಸವಾದರೋ ಹಳೆಯದು. (‘ಕಿವುಡ’ ಎಂಬುದನ್ನು ನಾವಿಲ್ಲಿ ಕೊರತೆಯ ಹೆಸರಾಗಿ ಅಲ್ಲ, ಒಂದು ಭಾಷಾಸಮುದಾಯದ ಹೆಸರಾಗಿ ಬಳಸಿದ್ದೇವೆ.)

1815ರಲ್ಲಿ ಪ್ಯಾರಿಸ್ಸಿನ ಕಿವುಡ ಶಿಕ್ಷಕ ಲೋರಾಂ ಕ್ಲೆರ್ ಲಂಡನ್ನಿನ ಕಿವುಡ ಮಕ್ಕಳ ಶಾಲೆಗೆ ಭೇಟಿಯಿತ್ತನು. ಊಟಕ್ಕೆ ಕುಳಿತಿದ್ದ ಮಕ್ಕಳನ್ನು ಕಂಡೊಡನೆ ಅವನು ಸನ್ನೆ ಮಾಡಿದನು. ಮಕ್ಕಳು ಸನ್ನೆಯಲ್ಲಿಯೇ ಮರುನುಡಿದರು. ಫ್ರೆಂಚ್ ಮತ್ತು ಬ್ರಿಟಿಷ್ ಸಂಜ್ಞಾಭಾಷೆಗಳು ಒಂದೇ ಕುಲಕ್ಕೆ ಸೇರಿದವಲ್ಲ ಎಂಬುದನ್ನು ನೆನೆದರೆ ಈ ಪ್ರಸಂಗದ ತೂಕ ತಿಳಿಯುತ್ತದೆ.

1880ರ ಮಿಲಾನ್ ಸಮ್ಮೇಳನವು ಶಾಲೆಗಳಲ್ಲಿ ಮಾತಿಗೇ ಪ್ರಾಶಸ್ತ್ಯವೆಂದು ನಿರ್ಣಯಿಸಿತು. ಅದನ್ನು ಕೈಗೊಂಡವರಲ್ಲಿ ಕಿವುಡರು ಇರಲಿಲ್ಲವೆಂದೇ ಹೇಳಬೇಕು. ತರಗತಿಯಿಂದ ಹೊರಬಿದ್ದ ಸಂಜ್ಞೆಗಳು ವಿದ್ಯಾರ್ಥಿನಿಲಯಗಳಲ್ಲಿ, ಸಂಘಗಳಲ್ಲಿ, ಆಟದ ಬಯಲುಗಳಲ್ಲಿ ಉಳಿದುಕೊಂಡವು. ಇದು ಸಣ್ಣ ಸಂಗತಿಯಲ್ಲ. ಕಿವುಡ ಮಕ್ಕಳಲ್ಲಿ ಬಹುಪಾಲು ಮಂದಿ ಕೇಳಬಲ್ಲ ತಂದೆತಾಯಿಗಳಿಗೆ ಹುಟ್ಟಿದವರು. ಅವರಿಗೆ ಭಾಷೆ ದೊರೆಯುವುದು ಹೆಚ್ಚಾಗಿ ತೊಟ್ಟಿಲಿನಲ್ಲಲ್ಲ, ಓರಗೆಯವರ ನಡುವೆ. ಓರಗೆಯವರ ಕೂಟ ತಪ್ಪಿದರೆ ಭಾಷೆಯ ಎಳೆಯೇ ಕಡಿಯುತ್ತದೆ. 1924ರಲ್ಲಿ ಪ್ಯಾರಿಸ್ಸಿನಲ್ಲಿ 9 ದೇಶಗಳ 148 ಕ್ರೀಡಾಪಟುಗಳು ಸೇರಿದ ಕಿವುಡರ ಅಂತರರಾಷ್ಟ್ರೀಯ ಕ್ರೀಡಾಕೂಟವನ್ನು ನಾವು ಭಾಷೆಯ ಇತಿಹಾಸದಲ್ಲಿಯೂ ಗಣಿಸುವುದು ಈ ಕಾರಣದಿಂದ.

1951ರಲ್ಲಿ ರೋಮಿನಲ್ಲಿ ವಿಶ್ವ ಕಿವುಡರ ಒಕ್ಕೂಟ ಸ್ಥಾಪನೆಯಾಯಿತು. ಅದರ ಸಮಿತಿಯೊಂದು ಸುಮಾರು 1500 ಸಂಜ್ಞೆಗಳನ್ನು ಆಯ್ದು, 1975ರಲ್ಲಿ ‘ಜೆಸ್ಟುನೊ’ ಎಂಬ ಹೆಸರಿನಲ್ಲಿ ಪ್ರಕಟಿಸಿತು. ಮರುವರ್ಷ ಬಲ್ಗೇರಿಯದ ಸಭೆಯಲ್ಲಿ ಅದನ್ನು ಬಳಸಿದಾಗ ಸೇರಿದ್ದ ಕಿವುಡರಿಗೆ ಅರ್ಥವಾಗಲಿಲ್ಲ. ಶಬ್ದಗಳ ಪಟ್ಟಿಯಿತ್ತು, ವ್ಯಾಕರಣವಿರಲಿಲ್ಲ. ಸಮಿತಿಯಿಂದ ಆಗದ ಕೆಲಸ ಕೂಡಿ ಬಾಳುವುದರಿಂದ ಆಯಿತೆಂಬುದು ನಮ್ಮ ಅಭಿಪ್ರಾಯ. 1987ರಲ್ಲಿ ಯುರೋಪಿನ ಕಿವುಡ ಯುವಜನರ ಒಕ್ಕೂಟ ರೂಪುಗೊಂಡಿತು; 2005ರಿಂದ ಡೆನ್ಮಾರ್ಕಿನ ಕಾಸ್ಟ್‌ಬರ್ಗ್‌ಗೋರ್ ವಸತಿಶಾಲೆಯಲ್ಲಿ ‘ಫ್ರಂಟ್‌ರನ್ನರ್ಸ್’ ಶಿಬಿರ ನಡೆಯತೊಡಗಿತು. ಇಲ್ಲಿ ಹಲವು ದೇಶಗಳ ತರುಣ ತರುಣಿಯರು ತಿಂಗಳುಗಟ್ಟಲೆ ಒಟ್ಟಿಗಿದ್ದು, ಅಂತರರಾಷ್ಟ್ರೀಯ ಸಂಜ್ಞೆಯಲ್ಲಿಯೇ ಕಲಿಯುತ್ತಾರೆ, ಜಗಳವಾಡುತ್ತಾರೆ, ಅಡುಗೆಯ ಸರದಿ ಹಂಚಿಕೊಳ್ಳುತ್ತಾರೆ.

ಈ ಸಂಜ್ಞೆಯನ್ನು ಬಹುಕಾಲ ಪಿಜಿನ್ ಎಂದು ಕರೆಯಲಾಗುತ್ತಿತ್ತು. 1995ರಲ್ಲಿ ಸುಪಾಲಾ ಮತ್ತು ವೆಬ್ ಇದರಲ್ಲಿ ಕ್ರಿಯಾಪದದ ಅನ್ವಯ, ನಿಷೇಧ ಮೊದಲಾದ ಸಂಕೀರ್ಣ ರಚನೆಗಳನ್ನು ತೋರಿಸಿದರು. ಆಡುನುಡಿಗಳ ಪಿಜಿನ್‌ಗಳಲ್ಲಿ ಇಷ್ಟು ಸಮೃದ್ಧಿ ಅಪರೂಪ. ಆದರೆ ಇದರ ಶಬ್ದಸಂಪತ್ತು ಹೆಚ್ಚಾಗಿ ಯುರೋಪ್ ಮತ್ತು ಅಮೆರಿಕಗಳದು. ಭಾರತೀಯ ಸಂಜ್ಞಾಭಾಷೆಯಲ್ಲಿ ಯಾರು, ಏನು, ಎಲ್ಲಿ ಎಂಬುವಕ್ಕೆಲ್ಲ ಮೂಲದಲ್ಲಿ ಒಂದೇ ಪ್ರಶ್ನಸಂಜ್ಞೆ, ಅದೂ ವಾಕ್ಯದ ಕೊನೆಯಲ್ಲಿ. ಅಮೆರಿಕದ ಸಂಜ್ಞಾಭಾಷೆಯಲ್ಲಿ ಇವಕ್ಕೆ ಬೇರೆ ಬೇರೆ ಸಂಜ್ಞೆಗಳಿವೆ. ಹೀಗಿರಲು, ಶಿಬಿರದಲ್ಲಿ ನಮ್ಮ ತರುಣನೇ ಹೆಚ್ಚು ಕಲಿಯಬೇಕಾಗುತ್ತದೆ. ಅವನಿಂದ ಉಳಿದವರು ಎಷ್ಟು ಕಲಿಯುತ್ತಾರೆಂಬುದನ್ನು ಅಳೆಯುವ ಅಧ್ಯಯನ ಇನ್ನು ನಡೆಯಬೇಕು.