ವಯಸ್ಕರ ಸಾಕ್ಷರತೆಯಲ್ಲಿ ದತ್ತಾಂಶ ಬಳಕೆ

ಯಾರಿಗೆ ಓದುಬರಹ ಬಾರದು, ಕಲಿತವರಿಗೆ ನಿಜಕ್ಕೂ ಎಷ್ಟು ಬಂದಿದೆ ಎಂಬುದನ್ನು ಅಳೆದು, ಅದರಂತೆ ವಯಸ್ಕರ ಕಲಿಕೆಯನ್ನು ತಿದ್ದಿಕೊಳ್ಳುವ ಕ್ರಮ. ಭಾರತದ ಜನಗಣತಿ 7 ವರ್ಷ ಮೇಲ್ಪಟ್ಟವರ ಸಾಕ್ಷರತೆಯನ್ನು ಕೇಳಿ ಬರೆದುಕೊಳ್ಳುತ್ತದೆ, ಓದಿಸಿ ನೋಡುವುದಿಲ್ಲ. ಆದರೂ ಎಲ್ಲಿ ಕೊರತೆಯಿದೆ ಎಂದು ತೋರಿಸಲು ಅದು ಸಾಕು: 2011ರಲ್ಲಿ ದಕ್ಷಿಣ ಕನ್ನಡದ ಸಾಕ್ಷರತೆ ಶೇ. 88.57 ಇದ್ದರೆ ಯಾದಗಿರಿಯದು ಶೇ. 51.83. ಕರ್ನಾಟಕ ರಾಜ್ಯದ ಶೇ. 75.36 ಎಂಬ ಸರಾಸರಿಯಲ್ಲಿ ಈ ಅಂತರ ಕಾಣುವುದೇ ಇಲ್ಲ.

2009ರಲ್ಲಿ ಆರಂಭವಾದ ಸಾಕ್ಷರ ಭಾರತ ಕಾರ್ಯಕ್ರಮವು 2001ರ ಜನಗಣತಿಯಂತೆ ವಯಸ್ಕ ಮಹಿಳೆಯರ ಸಾಕ್ಷರತೆ ಶೇ. 50 ಅಥವಾ ಅದಕ್ಕಿಂತ ಕಡಿಮೆಯಿದ್ದ ಜಿಲ್ಲೆಗಳನ್ನು ಮುಖ್ಯವಾಗಿ ಆರಿಸಿಕೊಂಡಿತು. ಮನೆಮನೆ ಸಮೀಕ್ಷೆಯಿಂದ ಕಲಿಯುವವರನ್ನು ಗುರುತಿಸಲಾಯಿತು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ ಓದು, ಬರಹ, ಲೆಕ್ಕಗಳಿಗೆ ತಲಾ 50 ಅಂಕಗಳ ಪರೀಕ್ಷೆ ನಡೆಸಿತು. ಅನುತ್ತೀರ್ಣರೆಂಬ ಹಣೆಪಟ್ಟಿ ಯಾರಿಗೂ ಇರಲಿಲ್ಲ. ಕಡಿಮೆ ಅಂಕ ಬಂದವರು ಮತ್ತೆ ಬರೆಯಬಹುದಿತ್ತು. ದುಡಿದು ದಣಿದು ಸಂಜೆ ಸ್ಲೇಟು ಹಿಡಿಯುವವರ ಮಾನ ಉಳಿಸಿದ ಈ ಏರ್ಪಾಡು ಕಾರ್ಯಕ್ರಮದ ಅತ್ಯುತ್ತಮ ಅಂಶ.

ಅಂಕಿಅಂಶ ಮೇಲಿನ ಕಚೇರಿಯಲ್ಲೇ ಉಳಿದರೆ ಪ್ರಯೋಜನವಿಲ್ಲ. ಯಾರು ಒತ್ತಕ್ಷರದಲ್ಲಿ ತಡವರಿಸುತ್ತಾರೆ, ಸುಗ್ಗಿಯಲ್ಲಿ ಯಾರು ತರಗತಿ ಬಿಡುತ್ತಾರೆ ಎಂಬುದು ಊರಿನ ಸ್ವಯಂಸೇವಕರ ಕೈಯಲ್ಲಿರಬೇಕು. ಸಾಕ್ಷರ ಭಾರತ 2018ರಲ್ಲಿ ಮುಗಿಯಿತು. ವಯಸ್ಕರ ಸಾಕ್ಷರತೆಗಾಗಿ ಈಗಿರುವ ಉಲ್ಲಾಸ್ ಯೋಜನೆಯಲ್ಲೂ ಸಮೀಕ್ಷೆ ಮತ್ತು ಪರೀಕ್ಷೆ ಮುಂದುವರಿದಿವೆ.